ನಿಮ್ಮ ಫೋನಿನಲ್ಲಿ ಬೇರೆಯವರ ಕಣ್ಣಿದೆಯೇ?

"ಉಪ್ಪಳದಲ್ಲಿ ಯಾಕೆ ಇಳಿದೆ?" ಬಸ್ಸಿನಿಂದ ಇಳಿದು ಎರಡು ನಿಮಿಷ ಆಗಿರಲಿಲ್ಲ, ಗಂಡನ ಫೋನ್ ಬಂತು ಅಂತ ಗೆಳತಿ ಅತ್ತಳು. ಅವಳ ವಾಟ್ಸಾಪಿನ ಮೇಲಿರುವ ಮೂರು ಚುಕ್ಕಿ ಒತ್ತಿ ಲಿಂಕ್ಡ್ ಡಿವೈಸಸ್ (ಆ ವಾಟ್ಸಾಪ್ ಬೇರೆ ಎಲ್ಲೆಲ್ಲಿ ತೆರೆದಿದೆ ಅನ್ನುವ ಪಟ್ಟಿ) ತೆರೆದೆವು. ಅವಳದಲ್ಲದ ಕಂಪ್ಯೂಟರೊಂದು ಅಲ್ಲಿತ್ತು. ಗೂಗಲ್ ಮ್ಯಾಪ್ಸಿನಲ್ಲಿ ಅವಳು ಎಲ್ಲಿದ್ದಾಳೆಂದು ಬೇರೆಯವರಿಗೆ ತೋರಿಸುವ ಲೊಕೇಶನ್ ಶೇರಿಂಗ್ ಕೂಡ ಆನ್. ಇದನ್ನು ಕಾಳಜಿ ಅನ್ನಲು ನನಗೆ ಮನಸ್ಸಿಲ್ಲ.

ಅಕ್ಕಂದಿರೇ, ಹೀಗೆ ಕಂಡರೆ ಗಡಿಬಿಡಿಯಲ್ಲಿ ಲಾಗೌಟ್ ಮಾಡಬೇಡಿ. ಅವನಿಗೆ ಗೊತ್ತಾದರೆ ಹಿಂಸೆ ಹೆಚ್ಚಬಹುದು. ಮೊದಲು ನಂಬಿಕೆಯವರ ಫೋನಿನಲ್ಲಿ ಆ ಸ್ಕ್ರೀನಿನ ಫೋಟೊ ತೆಗೆಸಿಡಿ. ಅವರ ಫೋನಿನಿಂದಲೇ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ, ಹಗಲು ರಾತ್ರಿ ಸಿಗುತ್ತದೆ. ಹೆಂಗಸಿನ ಇಂಟರ್ನೆಟ್, ಮೆಸೇಜುಗಳ ಮೇಲೆ ಗಂಡಸು ಕಣ್ಣಿಡುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ ಪ್ರಕಾರ ಅಪರಾಧ. ಪಾಸ್‌ವರ್ಡ್ ಬದಲಿಸುವುದೆಲ್ಲ ಸಹಾಯವಾಣಿಯವರೊಡನೆ ಮಾತಾಡಿದ ಮೇಲೆ.