ಮಾಗಿಯಲ್ಲಿ ಮುಳ್ಳಯ್ಯನಗಿರಿಗೆ ಸೈಕಲ್: ಇಳಿಜಾರಿಗಾಗಿ ಉಡುಪು ಕಟ್ಟಿಕೊಳ್ಳಿ

ಡಿಸೆಂಬರ್ ಬಂತೆಂದರೆ ಚಿಕ್ಕಮಗಳೂರಿನಿಂದ ಕೈಮರದತ್ತ ನಸುಕಿನಲ್ಲೇ ಹೊರಡುವ ಸೈಕಲ್ ಸವಾರರು ಸ್ವೆಟರ್ ಮೇಲೆ ಸ್ವೆಟರ್ ಏರಿಸಿರುತ್ತಾರೆ. ಅರ್ಧ ಬೆಟ್ಟ ಹತ್ತುವುದರೊಳಗೆ ಬೆವರಿ ತೊಪ್ಪೆ. ಚಳಿ ನಿಜವಾಗಿ ಕಾಡುವುದು ಇಳಿಯುವಾಗ, ಅದೂ ಆ ಒದ್ದೆ ಬಟ್ಟೆಯಲ್ಲಿ.

ಹಿಂದಿನ ರಾತ್ರಿಯೇ ಬ್ರೇಕ್ ಪ್ಯಾಡ್, ಟೈರಿನ ಗಾಳಿ, ಹಿಂದಿನ ಕೆಂಪು ದೀಪ ನೋಡಿಕೊಳ್ಳಿ. ಮಂಜಿನಲ್ಲಿ ಜೀಪು ಓಡಿಸುವವರಿಗೆ ಮೊದಲು ಕಾಣುವುದು ಆ ದೀಪವೇ.

ಹೊರಡುವಾಗ ಸ್ವಲ್ಪ ಚಳಿ ಎನಿಸಬೇಕು. ಬೆಚ್ಚಗಿದ್ದರೆ ಬಟ್ಟೆ ಹೆಚ್ಚಾಯಿತೆಂದೇ ಅರ್ಥ. ಒಳಗೆ ಬೆವರು ಹೀರಿ ಬೇಗ ಒಣಗುವ ಬನಿಯನ್, ಮೇಲೊಂದು ಜೆರ್ಸಿ ಸಾಕು. ಹತ್ತಿಯ ಬನಿಯನ್ ಬೇಡ, ನೆನೆದರೆ ಒಣಗುವುದೇ ಇಲ್ಲ. ಮೊಣಕಾಲು ಮುಚ್ಚಿರಲಿ. ಗಾಳಿ ತಡೆಯುವ ತೆಳು ಜಾಕೆಟ್, ಬೆರಳು ಪೂರ್ತಿ ಮುಚ್ಚುವ ಕೈಗವಸು, ಒಣ ಬನಿಯನ್ ಬೆನ್ನಿನ ಜೇಬಿನಲ್ಲಿರಲಿ.

ಏರು ಶುರುವಾದೊಡನೆ, ಬೆವರು ಬರುವ ಮೊದಲೇ ಜಿಪ್ ಇಳಿಸಿ. ಬಾಯಾರದಿದ್ದರೂ ಆಗಾಗ ಗುಟುಕು ನೀರು ಕುಡಿಯಿರಿ, ಚಳಿಯಲ್ಲಿ ದಾಹ ತಿಳಿಯುವುದಿಲ್ಲ.

ಸುಮಾರು 1,930 ಮೀಟರ್ ಎತ್ತರದ ಗಿರಿ ಊರಿಗಿಂತ 800 ಮೀಟರಿಗೂ ಹೆಚ್ಚು ಮೇಲಿದೆ. ಸಾವಿರ ಮೀಟರಿಗೆ ಆರೂವರೆ ಡಿಗ್ರಿ ಇಳಿಯುವುದು ಸಾಮಾನ್ಯ ಲೆಕ್ಕ. ಗಾಳಿಯಿಲ್ಲದ ನಿರಭ್ರ ರಾತ್ರಿಗಳಲ್ಲಿ ತಣ್ಣನೆಯ ಗಾಳಿ ಕಣಿವೆಗೆ ಇಳಿದು ನಿಲ್ಲುವುದರಿಂದ ಬೆಳಗಿನ ಜಾವ ಕೆಳಗೇ ಹೆಚ್ಚು ಚಳಿ ಇರುವುದೂ ಉಂಟು. ಇನ್ನು ವೇಗದ ಲೆಕ್ಕ ಬೇರೆ: ಹತ್ತು ಡಿಗ್ರಿಯಲ್ಲಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಇಳಿದರೆ ಮೈಗೆ ಆರು ಡಿಗ್ರಿಯಂತೆ ತಟ್ಟುತ್ತದೆ.

ಆದ್ದರಿಂದ ತುದಿ ತಲುಪಿದ ತಕ್ಷಣ, ಫೋಟೊಗೂ ಮೊದಲು, ಒದ್ದೆ ಬನಿಯನ್ ಬದಲಿಸಿ ಜಾಕೆಟ್ ಹಾಕಿ. ಜಾಕೆಟ್ ಮರೆತಿದ್ದರೆ ಜೆರ್ಸಿಯೊಳಗೆ ಎದೆಗೆ ದಿನಪತ್ರಿಕೆ ಮಡಿಸಿಟ್ಟುಕೊಳ್ಳಿ. ಆಲ್ಪ್ಸ್ ಪರ್ವತದ ಸ್ಪರ್ಧೆಗಳಲ್ಲಿ ಸವಾರರು ದಾರಿಬದಿಯ ಪ್ರೇಕ್ಷಕರಿಂದ ಪತ್ರಿಕೆ ಪಡೆದು ಹೀಗೇ ಇಳಿಯುತ್ತಿದ್ದರು. (ಈ ಪುರವಣಿಯೂ ನಡೆಯುತ್ತದೆ, ಓದಿ ಮುಗಿಸಿದ ಮೇಲೆ.)

ಇಳಿಯುವಾಗ ಹ್ಯಾಂಡಲಿನ ಕೆಳಬಾಗು ಹಿಡಿಯಿರಿ, ಬ್ರೇಕಿಗೆ ಬಲ ಸಿಗುತ್ತದೆ. ತಿರುವಿಗೆ ಮುಂಚೆಯೇ ವೇಗ ತಗ್ಗಿಸಿ, ತಿರುವಿನಲ್ಲಿ ಬ್ರೇಕ್ ಬಿಡಿ. ಒದ್ದೆ ರಿಮ್‌ನ ಮೇಲೆ ಬ್ರೇಕ್ ಮೊದಲು ಜಾರಿ ಆಮೇಲೆ ಹಿಡಿಯುತ್ತದೆ. ಕಿರಿದಾದ ಈ ರಸ್ತೆಯಲ್ಲಿ ಆ ಕ್ಷಣವೂ ದುಬಾರಿ. ಮೈ ನಡುಗಿ ಹ್ಯಾಂಡಲ್ ಅಲುಗತೊಡಗಿದರೆ ಮೊಣಕಾಲುಗಳಿಂದ ಫ್ರೇಮನ್ನು ಅಪ್ಪಿ ಹಿಡಿದು ನಿಧಾನಿಸಿ. ಬೆರಳು ಮರಗಟ್ಟಿ ಬ್ರೇಕ್ ಒತ್ತಿದ್ದು ತಿಳಿಯದಿದ್ದರೆ ಅಲ್ಲೇ ನಿಂತು, ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಕಾಯಿಸಿ, ನಂತರ ಹೊರಡಿ.