ಹಳೇ ಪೇಟೆ ಬೀದಿಯ ಫೋಟೊ: ಇಸವಿ ಕಂಡುಹಿಡಿಯುವುದು ಹೇಗೆ?

ಮದುವೆಗೋ ತಿಥಿಗೋ ನೆಂಟರು ಸೇರಿದಾಗ ಟ್ರಂಕಿನೊಳಗಿಂದ ಒಂದು ಫೋಟೊ ಹೊರಗೆ ಬರುತ್ತದೆ. ತಾತನ ಅಂಗಡಿ. ಮೇಲೆ ಬೋರ್ಡು, ಮುಂದೆ ಸೈಕಲ್ಲು, ಬಾಗಿಲಲ್ಲಿ ನಾಲ್ಕು ಜನ. ‘ಯಾವ ಇಸವಿದು ಇದು?’ ಅಂತ ಒಬ್ಬರು ಕೇಳುತ್ತಾರೆ. ‘ಮೂವತ್ತರ ಸುಮಾರು ಇರಬೇಕು’ ಅಂತ ಇನ್ನೊಬ್ಬರು ಅನ್ನುತ್ತಾರೆ. ಅಷ್ಟರಲ್ಲಿ ಯಾರೋ ಬಾಲ್ ಪೆನ್ ತೆಗೆದು ಫೋಟೊ ಹಿಂದೆ ‘1930’ ಎಂದು ಒತ್ತಿ ಬರೆದುಬಿಡುತ್ತಾರೆ. ಮುಂದಿನ ತಲೆಮಾರಿಗೆ ಅದೇ ಖಚಿತ. ಬೋರ್ಡಿನಲ್ಲಿ ಆರಂಕಿಯ ಪಿನ್ ಕೋಡ್ ಎದ್ದು ಕಾಣುತ್ತಿದ್ದರೂ ಹಿಂದೆ ‘1935’ ಎಂದು ಬರೆದಿದ್ದ ಫೋಟೊ ನನ್ನ ಕೈಗೆ ಬಂದಿದೆ. ನಮ್ಮ ದೇಶದಲ್ಲಿ ಪಿನ್ ಕೋಡ್ ಶುರುವಾದದ್ದೇ 1972ರ ಆಗಸ್ಟ್ 15ರಂದು.

ಅಂದಾಜು ಮಾಡುವ ಅಗತ್ಯವೇ ಇಲ್ಲ. ಮನೆಯೊಳಗಿನ ಫೋಟೊದಲ್ಲಿ ಮುಖಗಳಷ್ಟೇ ಇರುತ್ತವೆ, ಅಂಗಡಿ ಬೀದಿಯ ಫೋಟೊದಲ್ಲಿ ಅಕ್ಷರಗಳಿರುತ್ತವೆ. ಓದುವ ಕ್ರಮ ತಿಳಿದಿದ್ದರೆ ಸಾಕು.

ಮೊದಲು ಕೈ ಹಿಂದಕ್ಕೆ

ಒರೆಸಬೇಡಿ. ಒದ್ದೆ ಬಟ್ಟೆ ಬೇಡವೇ ಬೇಡ, ಎಂಜಲು ಬೆರಳಂತೂ ಮುಟ್ಟಲೇಬಾರದು. ಕಪ್ಪು-ಬಿಳುಪು ಫೋಟೊದ ಮೇಲ್ಪದರ ಜೆಲಟಿನ್, ನೀರು ತಾಗಿದರೆ ಉಬ್ಬಿ ಎದ್ದುಬರುತ್ತದೆ. ಚೌಕಟ್ಟಿನ ಗಾಜಿಗೆ ಅಂಟಿಕೊಂಡಿದ್ದರೆ ಕೀಳಬೇಡಿ, ಗಾಜಿನ ಸಮೇತ ಪ್ರತಿ ತೆಗೆಯಿರಿ. ಲ್ಯಾಮಿನೇಷನ್ ಮಾಡಿಸಿದರೆ ಫೋಟೊ ಕಳೆದುಕೊಂಡಂತೆಯೇ, ಒಮ್ಮೆ ಬಿಸಿ ಪ್ಲಾಸ್ಟಿಕ್ಕು ಹಿಡಿದ ಮೇಲೆ ಅದನ್ನು ಬಿಡಿಸಲಾಗದು. ಅಂಟಿನ ಪುಟದ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚುವ ಆಲ್ಬಮ್ಮುಗಳು ಒಂದು ಕಾಲಕ್ಕೆ ಮನೆಮನೆಯಲ್ಲೂ ಇದ್ದವು. ಆ ಅಂಟು ಹಳದಿಯಾಗಿ ಫೋಟೊವನ್ನು ಹಿಂದಿನಿಂದ ತಿನ್ನುತ್ತದೆ. ನಿಮ್ಮ ಮನೆಯಲ್ಲಿ ಅಂಥದ್ದಿದ್ದರೆ ಇವತ್ತೇ ಖಾಲಿ ಮಾಡಿ. ಅಂಟಿ ಕೂತವನ್ನು ಮಾತ್ರ ಎಳೆಯದೆ ಪುಟದ ಸಮೇತ ಕತ್ತರಿಸಿ ತೆಗೆಯಿರಿ.

ಪ್ರತಿ ತೆಗೆಯುವುದು

ಫ್ಲಾಟ್‌ಬೆಡ್ ಸ್ಕ್ಯಾನರ್‌ನಲ್ಲಿ 600 ಡಿಪಿಐ (ಅಂದರೆ ಇಂಚಿಗೆ 600 ಚುಕ್ಕಿ), ಅಂಗೈಗಿಂತ ಚಿಕ್ಕ ಫೋಟೊ ಆದರೆ 1200. ಟಿಫ್ ಕಡತವಾಗಿ ಉಳಿಸಿ. ಸ್ಕ್ಯಾನರ್ ಇಲ್ಲದಿದ್ದರೆ ಕಿಟಕಿ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಫೋನನ್ನು ಫೋಟೊಗೆ ಸಮಾನಾಂತರವಾಗಿ ಹಿಡಿದು ತೆಗೆಯಿರಿ. ಹಿಂಬದಿಯನ್ನೂ ತೆಗೆಯಿರಿ, ಸ್ಟುಡಿಯೊದ ಮೊಹರು ಇರುವುದು ಅಲ್ಲೇ.

ಇಲ್ಲೊಂದು ಎಚ್ಚರಿಕೆ. ಹಳೇ ಫೋಟೊವನ್ನು ಚುರುಕುಗೊಳಿಸಿ ಬಣ್ಣ ತುಂಬಿಕೊಡುವ ಫೋನ್ ಆ್ಯಪ್‌ಗಳನ್ನು ಈ ಕೆಲಸಕ್ಕೆ ಬಳಸಲೇಬೇಡಿ. ಮಸುಕಾದ ಕನ್ನಡ ಅಕ್ಷರ ಕಂಡರೆ ಅವು ಊಹೆಯಿಂದ ಬೇರೇನೋ ಗೀಚಿ ಹೊಳಪು ಕೊಡುತ್ತವೆ. ನಿಮಗೆ ಬೇಕಾದ ಸಾಕ್ಷಿಯೇ ಅಲ್ಲಿ ಅಳಿಸಿಹೋಗಿರುತ್ತದೆ. ಬೆಳಕು-ನೆರಳು ಹೆಚ್ಚುಕಡಿಮೆ ಮಾಡಿಕೊಳ್ಳಿ, ಅದಕ್ಕಿಂತ ಮುಂದೆ ಹೋಗಬೇಡಿ.

ಬೋರ್ಡು ಓದುವುದು

ಎಲ್ಲರೂ ಎಡವುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಮೊದಲು ಅಕ್ಷರಗಳು ನೆಟ್ಟಗಿವೆಯೇ ನೋಡಿ. ಗಾಜಿನ ನೆಗೆಟಿವ್ ತಿರುವುಮುರುವಾಗಿ ಅಚ್ಚಾಗಿದ್ದರೆ ಇಡೀ ಬೀದಿ ಕನ್ನಡಿಯಲ್ಲಿ ಕಂಡಂತೆ ಇರುತ್ತದೆ. ಆಮೇಲೆ ಎಡತುದಿಯಿಂದ ಬಲತುದಿಗೆ, ಅಂಗೈಯಗಲದ ತುಂಡು ತುಂಡಾಗಿ ಹಿಗ್ಗಿಸಿ ನೋಡುತ್ತ ಕಂಡ ಅಕ್ಷರ, ಕಂಡ ಅಂಕಿ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ನಿಮ್ಮ ಅಂಗಡಿಯ ಬೋರ್ಡಷ್ಟೇ ಅಲ್ಲ, ಪಕ್ಕದ ಅಂಗಡಿಯದು, ಎದುರಿನ ಬ್ಯಾಂಕಿನದು, ಗೋಡೆಯ ಪೋಸ್ಟರು, ಗಾಡಿಯ ನಂಬರು, ಬಾಗಿಲಿಗೆ ಅಂಟಿಸಿದ ಬೆಲೆ ಚೀಟಿ, ಒಳಗಿನ ಕಂಬಕ್ಕೆ ತೂಗುಹಾಕಿದ ಕ್ಯಾಲೆಂಡರು, ಎಲ್ಲವೂ.

ಇನ್ನು ನಿಯಮ. ಫೋಟೊದಲ್ಲಿ ಕಾಣುವ ಹೊಸ ವಸ್ತುವನ್ನು ನಂಬಿ, ಹಳೆಯದನ್ನು ನಂಬಬೇಡಿ. ಹೊಸದೊಂದು ಕಂಡರೆ ‘ಇದಕ್ಕಿಂತ ಮುಂಚಿನದಲ್ಲ’ ಎಂದು ಗಟ್ಟಿಯಾಗಿ ಹೇಳಬಹುದು. ಹಳೆಯದು ಕಂಡ ಮಾತ್ರಕ್ಕೆ ‘ಇದಕ್ಕಿಂತ ಈಚಿನದಲ್ಲ’ ಎನ್ನಲಾಗದು, ಯಾಕೆಂದರೆ ಹೆಸರು ಬದಲಾಯಿತೆಂದು ಅಂಗಡಿಯವರು ಮರುದಿನವೇ ಬೋರ್ಡು ಇಳಿಸುವುದಿಲ್ಲ. ಬೆಂಗಳೂರಿನ ಸೌತ್ ಪೆರೇಡ್ 1948ರಲ್ಲಿ ಮಹಾತ್ಮ ಗಾಂಧಿ ರಸ್ತೆ ಆಯಿತು. ಬೋರ್ಡಿನಲ್ಲಿ ‘ಎಂ.ಜಿ. ರೋಡ್’ ಎಂದಿದ್ದರೆ ಫೋಟೊ 1948ಕ್ಕಿಂತ ಹಿಂದಿನದಲ್ಲ, ಅನುಮಾನವೇ ಬೇಡ. ‘ಸೌತ್ ಪೆರೇಡ್’ ಎಂದಿದ್ದರೆ ಮಾತ್ರ ಅದು 1948ರ ಹಿಂದಿನದು ಎಂದು ಬರೆಯಲು ಹೋಗಬೇಡಿ.

ಬ್ಯಾಂಕಿನ ಬೋರ್ಡು ಕಂಡರೆ ನಿಮ್ಮ ಅದೃಷ್ಟ. ಬ್ಯಾಂಕುಗಳ ಹೆಸರು ಕಾನೂನಿನ ಪ್ರಕಾರವೇ ಬದಲಾಗಿವೆ, ಬೋರ್ಡೂ ಬೇಗ ಬದಲಾಗುತ್ತಿತ್ತು. 1913ರಲ್ಲಿ ಶುರುವಾದ ಬ್ಯಾಂಕ್ ಆಫ್ ಮೈಸೂರ್ 1960ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರ್ ಆಯಿತು, 2017ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನೊಳಗೆ ಸೇರಿತು. ಇಂಪೀರಿಯಲ್ ಬ್ಯಾಂಕ್ 1955ರ ಜುಲೈ 1ರಂದು ಸ್ಟೇಟ್ ಬ್ಯಾಂಕ್ ಆಯಿತು. ಕೆನರಾ ಬ್ಯಾಂಕಿನ ಹೆಸರಿನ ಕೊನೆಗೆ ‘ಲಿಮಿಟೆಡ್’ ಇದ್ದರೆ ಆ ಬೋರ್ಡು ಬರೆಸಿದ್ದು 1969ರ ರಾಷ್ಟ್ರೀಕರಣಕ್ಕೆ ಮುಂಚೆ.

ಗಾಡಿಯ ನಂಬರು ‘ಕೆಎ’ ಎಂದು ಶುರುವಾದರೆ 1989 ಅಥವಾ ಆಮೇಲಿನದು. ಅದಕ್ಕೆ ಮೊದಲು ಎಂವೈ, ಸಿಎ ಎಂದು ಶುರುವಾಗುವ ಮೂರಕ್ಷರಗಳಿದ್ದವು. ಮಾರುತಿ 800 ಕಂಡರೆ 1983ರ ಡಿಸೆಂಬರ್ ಅಥವಾ ಆಮೇಲಿನದು. ವಿಳಾಸದಲ್ಲಿ ‘ಕರ್ನಾಟಕ’ ಇದ್ದರೆ ಬಹುಮಟ್ಟಿಗೆ 1973ರ ನವೆಂಬರ್ 1ರ ಈಚಿನದು ಎನ್ನಬಹುದು. ಆದರೆ ಸಂಘ, ಪತ್ರಿಕೆ, ಅಂಗಡಿಗಳು ‘ಕರ್ನಾಟಕ’ ಎಂಬ ಹೆಸರನ್ನು ಅದಕ್ಕೂ ಬಹಳ ಮುಂಚಿನಿಂದ ಇಟ್ಟುಕೊಂಡಿದ್ದವು, ಹಾಗಾಗಿ ಅಂಗಡಿಯ ಹೆಸರನ್ನಲ್ಲ, ವಿಳಾಸದ ಸಾಲನ್ನು ನೋಡಿ. ‘ಬೆಂಗಳೂರು-2’ ಎಂಬಂಥ ಒಂಟಿ ಅಂಕಿ ಪಿನ್ ಕೋಡಿಗೆ ಮುಂಚಿನ ಅಂಚೆ ವಲಯ. ಅದೇ ಮುಂದೆ 560002 ಆಯಿತು. ಮೈಸೂರಿನ ಬೀದಿಯಲ್ಲಿ ದೊಡ್ಡ ಗಡಿಯಾರ ಕಂಡರೆ 1927ಕ್ಕೆ ಮುಂಚಿನದಲ್ಲ. ಅದರ ಮುಖದ ಮೇಲೆ ಕನ್ನಡ ಅಂಕಿಗಳಿವೆ, ಫೋಟೊ ಸ್ಪಷ್ಟವಾಗಿದ್ದರೆ ಗಂಟೆ ಎಷ್ಟೆಂಬುದೂ ಸಿಗುತ್ತದೆ.

ನನ್ನ ಕಣ್ಣಿಗೆ ಇವೆಲ್ಲಕ್ಕಿಂತ ಬೆಲೆಬಾಳುವುದು ಬೆಲೆ ಚೀಟಿ. ಬೋರ್ಡು ಮೂವತ್ತು ವರ್ಷ ಹಾಗೇ ಇರಬಹುದು, ಚೀಟಿ ಆಗಾಗ ಬದಲಾಗಲೇಬೇಕು.

ಅವೆನ್ಯೂ ರಸ್ತೆಯಲ್ಲಿ ನಮ್ಮ ಸೋದರಮಾವನವರ ಕಾಗದದ ಅಂಗಡಿ ಇತ್ತು. ಅದರದೊಂದು ಫೋಟೊ. ತೋರಣದ ಹಾಗೆ ಕಟ್ಟಿದ ಕಾಗದದ ಬಾವುಟಗಳು, ಮೆಟ್ಟಿಲ ಮೇಲೆ ಜನ. ಒಳಗಿನ ಕಂಬದಲ್ಲಿ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರು, ಅದರಲ್ಲಿ ದಪ್ಪಗೆ ‘15’, ಕೆಳಗೆ ‘ಶುಕ್ರವಾರ’. ತಿಂಗಳು, ಇಸವಿ ಓದಲಾಗುವುದಿಲ್ಲ. ‘ಸ್ವಾತಂತ್ರ್ಯ ಬಂತಲ್ಲ, ಆ ದಿನದ್ದು. ನಾನು ಹುಟ್ಟಿದ ವರ್ಷ’ ಅಂತ ಮಾವ ಯಾವಾಗಲೂ ಹೇಳುತ್ತಿದ್ದರು. ಪಂಚಾಂಗ ತೆಗೆದು ನೋಡಿದರೆ 1947ರ ಆಗಸ್ಟ್ 15 ನಿಜಕ್ಕೂ ಶುಕ್ರವಾರವೇ. ಬಾವುಟ, ತಾರೀಖು, ವಾರ ಎಲ್ಲ ತಾಳೆಯಾಯಿತು. ನಾನೂ ಒಪ್ಪಿಕೊಂಡಿದ್ದೆ.

ಸ್ಕ್ಯಾನ್ ಮಾಡಿ ತುಂಡು ತುಂಡಾಗಿ ನೋಡುವಾಗ ಬಾಗಿಲ ಹಲಗೆಯ ಮೇಲೊಂದು ಚೀಟಿ ಸಿಕ್ಕಿತು: ‘ನೋಟ್ ಬುಕ್ 37 ನ.ಪೈ.’

ನಯಾ ಪೈಸೆ ಬಂದದ್ದು 1957ರ ಏಪ್ರಿಲ್ 1ರಂದು. 1964ರ ಜೂನ್ 1ರಿಂದ ‘ನಯಾ’ ಬಿಟ್ಟುಹೋಗಿ ಬರೀ ಪೈಸೆ ಉಳಿಯಿತು. ಇನ್ನು ಮೂವತ್ತೇಳು ಯಾಕೆ? ಹಳೆಯ ಆರಾಣೆ ಹೊಸ ಲೆಕ್ಕದಲ್ಲಿ ಮೂವತ್ತೇಳು ಪೈಸೆ. ಆರಾಣೆಯ ನೋಟ್ ಬುಕ್ಕನ್ನು ಹಾಗೇ ಹೊಸ ನಾಣ್ಯಕ್ಕೆ ಇಳಿಸಿದ ಬೆಲೆ ಅದು. 12, 19, 37 ಇಂಥ ಬಿಡಿ ಅಂಕಿಗಳು ಕಂಡರೆ ಆಣೆಯ ಲೆಕ್ಕ ಜನರ ಬಾಯಲ್ಲಿ ಇನ್ನೂ ಇದ್ದ ಕಾಲ ಎಂದು ತಿಳಿಯಿರಿ. ಈಗ ಕ್ಯಾಲೆಂಡರಿಗೆ ವಾಪಸು ಬನ್ನಿ. 1957ರಿಂದ 1963ರವರೆಗೆ ಆಗಸ್ಟ್ 15 ಶುಕ್ರವಾರ ಬಂದದ್ದು ಒಂದೇ ಸಲ, 1958ರಲ್ಲಿ. ತಾರೀಖು, ವಾರ ಎರಡೂ ಸರಿಯಿದ್ದೂ ಇಸವಿ ಹನ್ನೊಂದು ವರ್ಷ ತಪ್ಪಿತ್ತು. ಆ ಚೀಟಿ ಬೆಂಕಿಪೆಟ್ಟಿಗೆಗಿಂತ ದೊಡ್ಡದೇನಲ್ಲ.

ಬಿಸಿಲು ಎಲ್ಲಿಂದ ಬಿದ್ದಿದೆ?

ಬೀದಿಯ ದಿಕ್ಕು ಗೊತ್ತಿದ್ದರೆ ನೆರಳು ಹೊತ್ತನ್ನು ಹೇಳುತ್ತದೆ. ಅವೆನ್ಯೂ ರಸ್ತೆ ಮೈಸೂರು ಬ್ಯಾಂಕ್ ವೃತ್ತದಿಂದ ಮಾರ್ಕೆಟ್ಟಿನ ಕಡೆಗೆ, ಉತ್ತರದಿಂದ ದಕ್ಷಿಣಕ್ಕೆ ಹರಿಯುತ್ತದೆ. ಪಶ್ಚಿಮದ ಸಾಲಿನ ಅಂಗಡಿಗಳ ಮುಖಕ್ಕೆ ಬಿಸಿಲು ಬಿದ್ದಿದ್ದರೆ ಬೆಳಗಿನ ಹೊತ್ತು. ಮಾವನ ಅಂಗಡಿ ಆ ಸಾಲಿನದೇ, ಧ್ವಜಾರೋಹಣ ಮುಗಿಸಿ ಬಂದು ತೆಗೆಸಿಕೊಂಡದ್ದಿರಬೇಕು.

ಎಂ.ಜಿ. ರಸ್ತೆ ಪೂರ್ವ-ಪಶ್ಚಿಮ. ಪೆರೇಡ್ ಮೈದಾನದ ಎದುರಿನ ಅಂಗಡಿಗಳು ಉತ್ತರಕ್ಕೆ ಮುಖ ಮಾಡಿವೆ. ನಡು ಮಧ್ಯಾಹ್ನದ ಬಿಸಿಲು ಅವುಗಳ ಮುಖಕ್ಕೆ ಬೀಳುವುದು ಸೂರ್ಯ ನಮ್ಮ ನೆತ್ತಿ ದಾಟಿ ಉತ್ತರಕ್ಕೆ ಸರಿದಿರುವಾಗ ಮಾತ್ರ, ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ. ಒಂದು ಕಡೆ ಅಂಗಡಿ ಸಾಲು, ಇನ್ನೊಂದು ಕಡೆ ಮರ ಮತ್ತು ಬಯಲು ಕಂಡರೆ ಆ ರಸ್ತೆಯ ಹೆಸರು ಮೊದಲು ನೆನೆಯಿರಿ. ಮೆಟ್ರೊ ಮೇಲ್ಸೇತುವೆಯ ಕಂಬಗಳನ್ನು ನೋಡಿಯೇ ಬೆಳೆದವರಿಗೆ ಇದು ಹೊಳೆಯುವುದಿಲ್ಲ.

ಹಿರಿಯರನ್ನು ಕೇಳುವುದು

ಇದನ್ನು ಕೊನೆಗೆ ಇಟ್ಟುಕೊಳ್ಳಿ, ಮೊದಲೇ ಮಾಡಬೇಡಿ. ‘ಯಾವ ಇಸವಿ?’ ಎಂದು ಕೇಳಿದರೆ ಅವರು ಕೇಳಿಸಿಕೊಂಡಿದ್ದನ್ನೇ ಹೇಳುತ್ತಾರೆ. ‘ದೊಡ್ಡಪ್ಪ, ಪಕ್ಕದ ಅಂಗಡಿ ಆಗ ಯಾರದ್ದು? ಆ ಸೈಕಲ್ಲು ನಮ್ಮದೇನಾ? ಅತ್ತೆ ಆಗಲೇ ಮನೆಗೆ ಬಂದಿದ್ರಾ?’ ಹೀಗೆ ಕೇಳಿ. ಸ್ಕ್ಯಾನಿನ ದೊಡ್ಡ ಪ್ರತಿಯನ್ನು ಅವರ ಕೈಗೇ ಕೊಟ್ಟು ಸುಮ್ಮನೆ ಕೂರಿ.

ಮಾವನಿಗೆ ಚೀಟಿ ತೋರಿಸಿ 1958 ಎಂದಾಗ ಅವರು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಕನ್ನಡಕ ಒರೆಸಿಕೊಂಡು, ‘ಹಂಗಾದ್ರೆ ನಾನೂ ಇರಬೇಕಲ್ಲೋ ಇದ್ರಲ್ಲಿ’ ಅಂದರು. ತಾನು ಹುಟ್ಟಿದ ವರ್ಷದ್ದೆಂದು ನಂಬಿದ್ದರಿಂದ ಆ ಫೋಟೊದಲ್ಲಿ ತನ್ನನ್ನು ಅವರು ಒಮ್ಮೆಯೂ ಹುಡುಕಿರಲಿಲ್ಲ. ಬಲತುದಿಯಲ್ಲಿ, ರಟ್ಟಿನ ಕಟ್ಟುಗಳ ಹಿಂದೆ, ಅಂಗಿಗೆ ಬಾವುಟ ಚುಚ್ಚಿಕೊಂಡ ಹುಡುಗನೊಬ್ಬ ನಿಂತಿದ್ದ. ಎಡಗಿವಿ ಕೊಂಚ ಮುಂದಕ್ಕೆ ಬಾಗಿದ್ದನ್ನು ನೋಡಿ ಮನೆಯವರೆಲ್ಲ ಗುರುತು ಹಿಡಿದರು.

ಬರೆದಿಡುವುದು

ಫೋಟೊ ಹಿಂದೆ ಬರೆಯಲೇಬೇಕಾದರೆ 2ಬಿ ಪೆನ್ಸಿಲ್, ಅಂಚಿನಲ್ಲಿ, ಒತ್ತದೆ. ಪ್ಲಾಸ್ಟಿಕ್ ಲೇಪದ ನುಣುಪು ಕಾಗದವಾದರೆ ಪೆನ್ಸಿಲ್ ಹಿಡಿಯುವುದಿಲ್ಲ, ಕಾಗದದ ಲಕೋಟೆಯ ಮೇಲೆ ಬರೆದು, ಶಾಯಿ ಒಣಗಿದ ಮೇಲೆ ಫೋಟೊ ಒಳಗಿಡಿ. ಇಸವಿಯೊಂದನ್ನೇ ಬರೆಯಬೇಡಿ, ಹೇಗೆ ಗೊತ್ತಾಯಿತು ಎಂಬುದನ್ನೂ ಬರೆಯಿರಿ. ಇಸವಿ ಪಕ್ಕಾ ಸಿಗದಿದ್ದರೆ ‘1955ರ ನಂತರ, 1972ರ ಒಳಗೆ ಇರಬಹುದು’ ಎಂದು ಎರಡು ತುದಿ ಕೊಟ್ಟರೂ ಸಾಕು.

ನಮ್ಮ ಲಕೋಟೆಯ ಮೇಲೆ ಈಗ ಹೀಗಿದೆ: ‘ಅವೆನ್ಯೂ ರಸ್ತೆ, ಪಶ್ಚಿಮದ ಸಾಲು, ಬೆಂಗಳೂರು. 15 ಆಗಸ್ಟ್ 1958, ಬೆಳಿಗ್ಗೆ. ಆಧಾರ: ಕ್ಯಾಲೆಂಡರಿನ ವಾರ, ಬಾವುಟ, ಬಾಗಿಲ ಹಲಗೆಯ ಮೇಲೆ ನ.ಪೈ. ಚೀಟಿ, ಬಿಸಿಲು. 1947 ಎಂದು ಹೇಳುತ್ತಿದ್ದುದು ತಪ್ಪು. ಬಲತುದಿಯಲ್ಲಿರುವ ಹುಡುಗ ಮಾವ, ಆಗ ಹನ್ನೊಂದು ವರ್ಷ.’