ಬ್ರೇಕ್ ಡಿಸ್ಕ್ ಬದಲಿಸುವ ಮೊದಲು ಅಳತೆ ನೋಡಿದೆ

ಗಾಡಿಯ ಮುಂದಿನ ಬ್ರೇಕಿನ ಎರಡೂ ಡಿಸ್ಕ್ (ಚಕ್ರದ ಜೊತೆ ತಿರುಗುವ ತಟ್ಟೆ), ಪ್ಯಾಡ್ (ಅದನ್ನು ಎರಡೂ ಬದಿಯಿಂದ ಒತ್ತಿ ನಿಲ್ಲಿಸುವ ತುಂಡು), ಕ್ಯಾಲಿಪರ್ (ಪ್ಯಾಡ್ ಹಿಡಿದು ಒತ್ತುವ ಭಾಗ) ಎಲ್ಲ ಬದಲಿಸಬೇಕು ಎಂದರು ಮೆಕ್ಯಾನಿಕ್. ಒಪ್ಪುವ ಮೊದಲು ಚಕ್ರ ಬಿಚ್ಚಿಸಿದೆ.

ಡಿಸ್ಕಿನ ಮೇಲೆಯೇ ಕನಿಷ್ಠ ದಪ್ಪ ಅಚ್ಚಾಗಿರುತ್ತದೆ; ಇದರಲ್ಲಿ 20 ಮಿ.ಮೀ. ದಪ್ಪ ಅಳೆಯುವ ವರ್ನಿಯರ್ ನೇರವಾಗಿ ಹಿಡಿದರೆ ಸವೆಯದೆ ಉಳಿದ ಅಂಚು ತಾಗಿ ದಪ್ಪ ಹೆಚ್ಚು ತೋರಿಸುತ್ತದೆ. ಎರಡೂ ಬದಿಗೆ ಒಂದೊಂದು ನಾಣ್ಯ ಒತ್ತಿ ಹಿಡಿದು ಅಳೆದು, ನಾಣ್ಯಗಳ ದಪ್ಪ ಕಳೆಯಬೇಕು. 21.2 ಬಂತು. ಬಿರುಕಿಲ್ಲ, ಆಳದ ಗೀರಿಲ್ಲ, ಬ್ರೇಕ್ ಒತ್ತಿದರೆ ಪೆಡಲ್ ಅದುರುವುದಿಲ್ಲ. ಅಂದಮೇಲೆ ಡಿಸ್ಕ್ ಯಾಕೆ ಬದಲಿಸಬೇಕು?

ಪ್ಯಾಡ್ ವಿಷಯದಲ್ಲಿ ಮಾತ್ರ ಅವರು ಹೇಳಿದ್ದು ನಿಜ. ಎಡಗಡೆ ಹೊರಗಿನದು 6 ಮಿ.ಮೀ., ಒಳಗಿನದು ಬರೀ 2. 3ಕ್ಕೆ ಬಂದರೆ ಬದಲಿಸಲೇಬೇಕು. ಚಕ್ರದ ಸಂದಿಯಿಂದ ಇಣುಕಿದರೆ ಹೊರಗಿನದಷ್ಟೇ ಕಾಣುವುದು, ಮೋಸಹೋಗುವುದು ಇಲ್ಲೇ. ಕಾರಣ ಕ್ಯಾಲಿಪರ್ ಅತ್ತಿತ್ತ ಸರಿಯಲು ಇರುವ ಸ್ಲೈಡ್ ಪಿನ್: ಅದರ ರಬ್ಬರ್ ಬೂಟ್ (ಹೊದಿಕೆ) ಹರಿದು, ನೀರು ಹೊಕ್ಕು, ತುಕ್ಕು ಹಿಡಿದು ಬಿಗಿದುಕೊಂಡಿತ್ತು; ಕ್ಯಾಲಿಪರ್ ಸರಿಯದೆ ಒಳಗಿನ ಪ್ಯಾಡೇ ಹೆಚ್ಚು ಸವೆದಿತ್ತು. ಕ್ಯಾಲಿಪರ್ ಒಳಗಿಂದ ಪ್ಯಾಡ್ ತಳ್ಳುವ ಪಿಸ್ಟನ್ ಸುತ್ತ ಆಯಿಲ್ ಜಿನುಗಿರಲಿಲ್ಲ, ಒತ್ತಿದರೆ ಸಲೀಸಾಗಿ ಒಳಹೋಯಿತು. ಕ್ಯಾಲಿಪರ್ ಚೆನ್ನಾಗಿಯೇ ಇದೆ.

ಎರಡೂ ಚಕ್ರಕ್ಕೆ ಹೊಸ ಪ್ಯಾಡ್, ಹೊಸ ಬೂಟ್ ಹಾಕಿಸಿ, ಪಿನ್ ಉಜ್ಜಿಸಿ ಸಿಲಿಕೋನ್ ಗ್ರೀಸ್ ಹಚ್ಚಿಸಿದೆ. ಮಾಮೂಲಿ ಗ್ರೀಸ್ ಬೇಡ, ರಬ್ಬರ್ ಉಬ್ಬಿ ಪಿನ್ ಮತ್ತೆ ಕಚ್ಚಿಕೊಳ್ಳುತ್ತದೆ. ಗಾಡಿ ಕದಲಿಸುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ ಒತ್ತಿ ಬಿಡಿ; ಪಿಸ್ಟನ್ ಒಳಗೆ ತಳ್ಳಿರುವುದರಿಂದ ಮೊದಲ ಒತ್ತಿಗೆ ಬ್ರೇಕ್ ಹಿಡಿಯುವುದಿಲ್ಲ.